ಬಲಗಡೆಯ ಕುರ್ಚಿಗೆ ಬೆಲೆ ಎಷ್ಟು?

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯ ಗುಜರಾತ್ ಭವನದಲ್ಲಿ ಒಂದು ಆರತಕ್ಷತೆ ನಡೆಯಿತು. ಬೀಗರು, ನೆಂಟರು, ಸ್ನೇಹಿತರು ಎಲ್ಲರೂ ಬಂದಿದ್ದರು. ಇಲ್ಲದವರೆಂದರೆ ವಧು-ವರರು ಮಾತ್ರ. ಭುವನೇಶ್ವರದಿಂದ ಬೆಂಗಳೂರು ಮಾರ್ಗವಾಗಿ ಹುಬ್ಬಳ್ಳಿಗೆ ಬರಬೇಕಿದ್ದ ಅವರ ವಿಮಾನ ರದ್ದಾಗಿತ್ತು. ಕರೆದ ಜನರನ್ನು ಹಿಂದಕ್ಕೆ ಕಳಿಸುವುದಾದರೂ ಹೇಗೆ? ಮದುಮಕ್ಕಳ ಕುರ್ಚಿಯಲ್ಲಿ ಮನೆಯ ಹಿರಿಯರು ಕುಳಿತರು. ಮದುಮಕ್ಕಳು ದೂರದ ಊರಿನಲ್ಲೇ ಸಿಂಗರಿಸಿಕೊಂಡು ಕುಳಿತು, ಪರದೆಯ ಮೇಲೆ ಕಾಣಿಸಿಕೊಂಡು ಆಶೀರ್ವಾದ ಪಡೆದರು.

ಸುದ್ದಿ ದೇಶವನ್ನೆಲ್ಲ ಸುತ್ತಿತು. ಓದಿದವರು ನಕ್ಕರು, ಕೆಲವರು ಮರುಗಿದರು. ಆದರೆ ಆ ವಾರ ವಿಮಾನಗಳು ನೆಲ ಬಿಟ್ಟು ಏಳದಿದ್ದುದಕ್ಕೆ ಯಂತ್ರ ಕೆಟ್ಟದ್ದಾಗಲಿ ಪ್ರಯಾಣಿಕರು ಇಲ್ಲದ್ದಾಗಲಿ ಮುಖ್ಯ ಕಾರಣವಲ್ಲ. ಪೈಲಟ್‌ಗಳಿಗೆ ಹೆಚ್ಚಿನ ವಿಶ್ರಾಂತಿ ಕೊಡಬೇಕೆಂಬ ಹೊಸ ನಿಯಮಗಳು ಆ ವರ್ಷ ಜುಲೈ ಮತ್ತು ನವೆಂಬರ್ ತಿಂಗಳಲ್ಲಿ ಎರಡು ಹಂತವಾಗಿ ಜಾರಿಗೆ ಬಂದಿದ್ದವು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ವೇಳೆ ಒಬ್ಬ ಪೈಲಟ್ ಆರು ಬಾರಿ ವಿಮಾನ ಇಳಿಸಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯಾದ ಇಂಡಿಗೋ ಇದಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು.

ಅಂದರೆ ದೇಶದಲ್ಲಿ ಪೈಲಟ್‌ಗಳ ಬರ. ಹೀಗೆಂದುಕೊಂಡೇ ನಾನು ಕೇಶ್ವಾಪುರದ ಕುಸುಗಲ್ ರಸ್ತೆಯ ಆಚೆಗಿನ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಹುಡುಗನಿಗೆ ಇಪ್ಪತ್ತನಾಲ್ಕು ವರ್ಷ. ಅವನ ಬಳಿ ವಿಮಾನ ಹಾರಿಸುವ ವೃತ್ತಿ ಪರವಾನಗಿ ಇದೆ, ಕೈಗೆ ಬಂದು ಎರಡು ವರ್ಷವಾಯಿತು. ಕೆಲಸ ಮಾತ್ರ ಇಲ್ಲ. ಕೆಲಸ ಇಲ್ಲವೆಂದರೂ ಪೂರ್ತಿ ಸರಿಯಲ್ಲ. ಇನ್ನಷ್ಟು ಲಕ್ಷ ತಂದರೆ ಕೆಲಸದ ಬಾಗಿಲು ತೆರೆಯುತ್ತದೆ ಎಂದು ಅವನಿಗೆ ಹೇಳಿದವರಿದ್ದಾರೆ.

ಅವನ ತಂದೆ ರೈಲ್ವೆಯಲ್ಲಿ ಎಂಜಿನ್ ಓಡಿಸಿ ನಿವೃತ್ತರಾದವರು. ಈಗ ಆ ಹುದ್ದೆಯನ್ನೂ ಲೋಕೊ ಪೈಲಟ್ ಎಂದೇ ಕರೆಯುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ಪೈಲಟ್‌ಗಳು ಎಂದು ನಾನು ಹಗುರವಾಗಿ ಅಂದೆ. ಅವರು ನಗಲಿಲ್ಲ.

“ನಾನು ಎಂಜಿನ್ ಹೊಡಿಯೂದು ಕಲತಿದ್ದು ರೈಲ್ವೆ ರೊಕ್ಕದಾಗ್ರಿ. ಕಲಿಯೂ ಮುಂದನೂ ಸ್ಟೈಪೆಂಡ್ ಕೊಟ್ಟಾರ. ಮಗ ಕಲಿಯಾಕ ನಾ ರೊಕ್ಕ ಕೊಟ್ಟೆ, ಅದು ಇರಲಿ. ಈಗ ನೌಕರಿ ಮಾಡಾಕನೂ ನಾವ ರೊಕ್ಕ ಕೊಡಬೇಕಂತ. ಇದ್ಯಾವ ನಮೂನಿ ನೌಕರಿ, ನೀವ ಹೇಳ್ರಿ.”

ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತ ಹೋದಾಗ ಅದಕ್ಕೆ ಸುಮಾರು ನೂರು ವರ್ಷದ ಇತಿಹಾಸವಿರುವುದು ಕಂಡಿತು.

ಎಡಗಡೆ ಮತ್ತು ಬಲಗಡೆ

ಮೊದಲು ವಿಮಾನದ ಮುಂಭಾಗದಲ್ಲಿರುವ ಎರಡು ಕುರ್ಚಿಗಳನ್ನು ತಿಳಿಯಬೇಕು. ಎಡಗಡೆಯದು ಕ್ಯಾಪ್ಟನ್‌ನದು, ಬಲಗಡೆಯದು ಸಹ-ಪೈಲಟ್‌ನದು. ವೃತ್ತಿ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟದ ಅನುಭವ ಸಾಕು. ಅದೂ ಬಹುಪಾಲು ಒಂದೇ ಎಂಜಿನ್‌ನ ಪುಟ್ಟ ವಿಮಾನದಲ್ಲಿ. ಆ ಪರವಾನಗಿ ಇದ್ದವರು ಬಲಗಡೆ ಕೂರಲು ಅರ್ಹರು. ಎಡಗಡೆಗೆ ಹೋಗಲು ಬೇಕಾದ ಮೇಲಿನ ಪರವಾನಗಿಗೆ 1,500 ಗಂಟೆಗಳಾಗಬೇಕು. ವಿಮಾನ ಸಂಸ್ಥೆಗಳು ತಮ್ಮ ಕ್ಯಾಪ್ಟನ್‌ಗಳಿಂದ ಅದಕ್ಕಿಂತ ಹೆಚ್ಚನ್ನೇ ನಿರೀಕ್ಷಿಸುತ್ತವೆ.

ಬರ ಇರುವುದು ಎಡಗಡೆಯ ಕುರ್ಚಿಗೆ. ಬಲಗಡೆಯ ಕುರ್ಚಿಯ ಮುಂದೆ ಸಾಲು ನಿಂತಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2022ರಲ್ಲಿ 1,165 ವೃತ್ತಿ ಪರವಾನಗಿಗಳನ್ನು ಕೊಟ್ಟಿತು, 2023ರಲ್ಲಿ 1,622. ಹೀಗೆ ಬಂದವರೆಲ್ಲ 1,500 ಗಂಟೆ ಮುಟ್ಟಬೇಕಾದರೆ ಯಾರಾದರೂ ಅವರನ್ನು ಬಲಗಡೆ ಕೂರಿಸಿಕೊಳ್ಳಬೇಕು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ.

ಇದರ ನಡುವೆ ಇನ್ನೊಂದು ಮೆಟ್ಟಿಲಿದೆ. ಪುಟ್ಟ ವಿಮಾನದಲ್ಲಿ ಕಲಿತವನು ಏರ್‌ಬಸ್ 320 ಅಥವಾ ಬೋಯಿಂಗ್ 737 ಓಡಿಸಬೇಕಾದರೆ ಆ ಮಾದರಿಗೇ ಪ್ರತ್ಯೇಕ ತರಬೇತಿ ಪಡೆದು ಪರವಾನಗಿಯಲ್ಲಿ ಅದನ್ನು ದಾಖಲಿಸಿಕೊಳ್ಳಬೇಕು. ಇದಕ್ಕೆ ಟೈಪ್ ರೇಟಿಂಗ್ ಎನ್ನುತ್ತಾರೆ. ಬಹುಪಾಲು ಸಿಮ್ಯುಲೇಟರ್ ಎಂಬ ಅಣಕು ಕಾಕ್‌ಪಿಟ್‌ನಲ್ಲಿ ನಡೆಯುವ ಈ ತರಬೇತಿಗೆ 15-20 ಲಕ್ಷ ರೂಪಾಯಿ ಬೇಕು. ಮೊದಲ ಪರವಾನಗಿಗೇ ಇಂದು 50 ಲಕ್ಷದ ಮೇಲೆ ಖರ್ಚಾಗಿರುತ್ತದೆ. ಆ ಮೇಲೆ ನಿಜವಾದ ವಿಮಾನದಲ್ಲಿ, ನಿಜವಾದ ಪ್ರಯಾಣಿಕರನ್ನು ಕೂರಿಸಿಕೊಂಡು, ಅನುಭವಿ ಕ್ಯಾಪ್ಟನ್‌ನ ಮೇಲ್ವಿಚಾರಣೆಯಲ್ಲಿ ಒಂದಷ್ಟು ಕಾಲ ಹಾರಬೇಕು.

ಈ ಕೊನೆಯ ಹಂತವನ್ನೂ ಮಾರುವ ಪದ್ಧತಿ ಕೆಲವು ದೇಶಗಳಲ್ಲಿ ಬೆಳೆಯಿತು. ಅದಕ್ಕೆ ‘ಪೇ ಟು ಫ್ಲೈ’ ಎಂದು ಹೆಸರು. ಹಣ ಕೊಟ್ಟವನು ಇಷ್ಟು ಗಂಟೆ ಬಲಗಡೆ ಕೂರುತ್ತಾನೆ, ಗಂಟೆ ಮುಗಿದ ಮೇಲೆ ಎದ್ದು ಇನ್ನೊಬ್ಬನಿಗೆ ಜಾಗ ಬಿಡುತ್ತಾನೆ.

ಓದುಗರಿಗೆ ಹತ್ತಿರದ ಉದಾಹರಣೆ ಬೇಕಾದರೆ ಗೋಕುಲ ರಸ್ತೆಗೆ ಬರೋಣ. ಅಲ್ಲಿ ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇದೆ, ಮುಂದೆ ವಿಮಾನ ನಿಲ್ದಾಣವೂ ಇದೆ. ಧಾರವಾಡದ ಬಸ್ಸಿನ ಚಾಲಕ ಆ ತಿಂಗಳು ಪಗಾರ ಪಡೆಯುತ್ತಿಲ್ಲ, ಬದಲಿಗೆ ಬಸ್ ಓಡಿಸುವುದಕ್ಕೆ ತಾನೇ ಸಂಸ್ಥೆಗೆ ಹಣ ಕಟ್ಟಿದ್ದಾನೆ ಎಂದು ತಿಳಿದರೆ ನಾವು ಆ ಬಸ್ ಹತ್ತುತ್ತೇವೆಯೇ? ಹತ್ತಿದರೂ ನವಲೂರು ದಾಟುವತನಕ ಜೀವ ಕೈಯಲ್ಲೇ ಇರುತ್ತದೆ.

ಶ್ರೀಮಂತರ ಆಟ, ಸರಕಾರದ ಶಾಲೆ

ಭಾರತದಲ್ಲಿ ವಿಮಾನ ಹಾರಿಸುವುದು ಆರಂಭದಲ್ಲಿ ಹಣವಂತರ ಹವ್ಯಾಸವೇ ಆಗಿತ್ತು. ಭಾರತದಲ್ಲಿ ಮೊದಲ ಹಾರಾಟ ಪರವಾನಗಿ ಪಡೆದ ಜೆ.ಆರ್.ಡಿ. ಟಾಟಾ ಅದನ್ನು ಕೈಗೆ ತೆಗೆದುಕೊಂಡದ್ದು 1929ರ ಫೆಬ್ರುವರಿ 10ರಂದು. ಮೂರು ವರ್ಷಗಳ ನಂತರ, 1932ರ ಅಕ್ಟೋಬರ್ 15ರಂದು, ಅವರು ಕರಾಚಿಯಿಂದ ಅಂಚೆ ಚೀಲಗಳನ್ನು ಹೊತ್ತು ಅಹಮದಾಬಾದ್ ಮೂಲಕ ಮುಂಬಯಿಗೆ ಹಾರಿ ಬಂದದ್ದನ್ನು ಎಲ್ಲರೂ ಬಲ್ಲರು. ಅಲ್ಲಿಂದ ಮುಂದಿನ ಕತೆ ನಮ್ಮ ನಾಡಿನದು. ಟಾಟಾ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನು ಮುಂಬಯಿಯಿಂದ ಮದ್ರಾಸಿಗೆ ಒಯ್ದರು. ಹಾದಿಯಲ್ಲಿ ಅವರ ವಿಮಾನ ಇಳಿದದ್ದು ಬಳ್ಳಾರಿಯಲ್ಲಿ. ಟಾಟಾ ಅವರ ಮೊದಲ ವಿಮಾನ ಮಾರ್ಗದಲ್ಲೇ ಒಂದು ಕನ್ನಡದ ಊರಿತ್ತು.

ಉಳ್ಳವರಲ್ಲದವರಿಗೂ ಆಕಾಶದ ದಾರಿ ತೆರೆದದ್ದು ಸರಕಾರದ ಹಣ. 1920ರ ದಶಕದ ಕೊನೆಯಿಂದಲೇ ಹಾರಾಟ ಕ್ಲಬ್‌ಗಳಿಗೆ ಸರಕಾರದ ಸಹಾಯಧನ ಸಿಗುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಜಯಚಾಮರಾಜೇಂದ್ರ ಒಡೆಯರ್ ಕೊಟ್ಟ ಇನ್ನೂರು ಎಕರೆಗೂ ಮಿಕ್ಕಿದ ಜಾಗದಲ್ಲಿ, ಬೆಂಗಳೂರಿನ ಹೊರಗಿದ್ದ ಜಕ್ಕೂರಿನಲ್ಲಿ, 1948ರಲ್ಲಿ ಸರಕಾರಿ ಹಾರಾಟ ತರಬೇತಿ ಶಾಲೆ ಹುಟ್ಟಿತು. ಹೆಸರಿನಲ್ಲೇ ‘ಸರಕಾರಿ’ ಎಂದಿರುವುದನ್ನು ಗಮನಿಸಬೇಕು. ಮಹಾರಾಜರ ವಿಮಾನ ಹಾರಿಸುತ್ತಿದ್ದ ಕ್ಯಾಪ್ಟನ್ ವಿ. ಸುಂದರಂ ಅದರ ಮುಖ್ಯಸ್ಥರಾದರು. 1949ರಲ್ಲಿ ಅಲ್ಲಿಂದ ಕಲಿತು ಹೊರಬಂದ ಮೊದಲಿಗರು ಅವರ ಪತ್ನಿ ಉಷಾ ಸುಂದರಂ. ಮುಂದೆ ಈ ದಂಪತಿ ಇಂಗ್ಲೆಂಡಿನಿಂದ ಒಂದು ಡವ್ ವಿಮಾನವನ್ನು ತಾವೇ ಹಾರಿಸಿಕೊಂಡು ಭಾರತಕ್ಕೆ ಬಂದರು. ಶಾಲೆಯ ಆರಂಭದ ಹುರುಪು ಅಂಥದ್ದು. (ಈಚಿನ ವರ್ಷಗಳಲ್ಲಿ ಅದೇ ಶಾಲೆಯಲ್ಲಿ ತರಬೇತಿ ವರ್ಷಗಟ್ಟಲೆ ನಿಂತುಹೋದದ್ದು ಬೇರೆ ಮಾತು. ವಿಮಾನ ನಿಲ್ದಾಣಕ್ಕೆಂದು ಕಟ್ಟಿದ ಮೇಲ್ಸೇತುವೆಯೇ ಈ ಹಾರಾಟ ಶಾಲೆಯ ಓಡುಹಾದಿಗೆ ಅಡ್ಡ ಬಂದದ್ದನ್ನು ಬೆಂಗಳೂರಿಗರು ಕಂಡಿದ್ದಾರೆ.)

1953ರಲ್ಲಿ ವಿಮಾನ ಸಂಸ್ಥೆಗಳು ರಾಷ್ಟ್ರೀಕರಣಗೊಂಡವು. ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್, ಹೊರಗೆ ಏರ್ ಇಂಡಿಯಾ. ಆ ನಾಲ್ಕು ದಶಕಗಳ ಆಡಳಿತವನ್ನು ಹೊಗಳುವವರು ಇಂದು ಕಡಿಮೆ. ವಿಮಾನ ತಡವಾಗುವುದು, ಟಿಕೆಟ್ ಸಿಗದಿರುವುದು, ನೌಕರಿಗೆ ವಶೀಲಿ, ಇವೆಲ್ಲ ಇದ್ದವು. ಹುದ್ದೆಗಳೂ ಕೆಲವೇ. ಆದರೆ ಒಂದು ವಿಷಯದಲ್ಲಿ ವ್ಯವಸ್ಥೆ ಸ್ಪಷ್ಟವಾಗಿತ್ತು. ಕ್ಲಬ್ಬಿನಲ್ಲಿ ಕಲಿತು ಪರವಾನಗಿ ಪಡೆದು ಆಯ್ಕೆಯಾದ ಯುವಕನನ್ನು ಸಂಸ್ಥೆಯೇ ಹೈದರಾಬಾದಿನ ತನ್ನ ಕೇಂದ್ರ ತರಬೇತಿ ಸಂಸ್ಥೆಗೆ ಕಳಿಸಿ ದೊಡ್ಡ ವಿಮಾನ ಕಲಿಸುತ್ತಿತ್ತು. ಕಲಿಯುವಾಗ ಸ್ಟೈಪೆಂಡ್, ಕಲಿತ ಮೇಲೆ ಇಷ್ಟು ವರ್ಷ ಬಿಟ್ಟು ಹೋಗುವುದಿಲ್ಲವೆಂಬ ಕರಾರು. 1985ರಲ್ಲಿ ಕೇಂದ್ರ ಸರಕಾರ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ರಾಷ್ಟ್ರೀಯ ಉಡಾನ್ ಅಕಾಡೆಮಿಯನ್ನು ಸ್ಥಾಪಿಸಿದ್ದೂ ಇದೇ ಯೋಚನೆಯಿಂದ.

ಇದು ಕೇಶ್ವಾಪುರದವರಿಗೆ ಹೊಸದೇನಲ್ಲ. ರೈಲು ಬಂದ 1880ರ ದಶಕದಿಂದ ಈ ಭಾಗದ ಎಷ್ಟೋ ಮನೆಗಳು ರೈಲ್ವೆಯ ಪಗಾರದ ಮೇಲೆ ಬೆಳೆದಿವೆ. ಎಂಜಿನ್ ಓಡಿಸುವವನನ್ನು ತಯಾರು ಮಾಡುವುದು ರೈಲು ಓಡಿಸುವವರ ಖರ್ಚು ಎಂಬುದರಲ್ಲಿ ಇಲ್ಲಿ ಯಾರಿಗೂ ಅನುಮಾನವಿಲ್ಲ. ಇಂದಿಗೂ ಸಹಾಯಕ ಲೋಕೊ ಪೈಲಟ್ ಆಗಿ ಆಯ್ಕೆಯಾದವರು ತರಬೇತಿಯ ಅವಧಿಯಲ್ಲಿ ಸ್ಟೈಪೆಂಡ್ ಪಡೆಯುತ್ತಾರೆ.

2003 ಮತ್ತು ಆಮೇಲೆ

ರಾಷ್ಟ್ರೀಕರಣದ ಕಾಯಿದೆ 1994ರಲ್ಲಿ ರದ್ದಾಗಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಆದರೆ ನಮ್ಮ ಕಡೆಯ ಸಾಮಾನ್ಯ ಕುಟುಂಬಗಳಿಗೆ ವಿಮಾನ ಹತ್ತಿರವಾದದ್ದು 2003ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಹುಬ್ಬಳ್ಳಿ ನೈರುತ್ಯ ರೈಲ್ವೆಯ ಕೇಂದ್ರವಾಯಿತು. ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಗೊರೂರಿನ, ಸೇನೆಯಿಂದ ಬಂದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ ಹಾರಾಟ ಆರಂಭಿಸಿತು. ಎಟಿಆರ್ ಎಂಬ ಪುಟ್ಟ ಪಂಕದ ವಿಮಾನಗಳಲ್ಲಿ ಅದು ಹುಬ್ಬಳ್ಳಿಗೂ ಬಂತು. ಮುಂದೆ 2005ರಲ್ಲಿ ಕಿಂಗ್‌ಫಿಷರ್ ಮತ್ತು ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೋ. ಇಷ್ಟು ವಿಮಾನಗಳಿಗೆ ಪೈಲಟ್‌ಗಳು ಎಲ್ಲಿಂದ ಬರಬೇಕು? ಎಡಗಡೆಯ ಕುರ್ಚಿಗೆ ವಿದೇಶೀಯರನ್ನು ಕರೆಸಿದರು. ಬಲಗಡೆಯ ಕುರ್ಚಿಯ ಕನಸು ಮಧ್ಯಮವರ್ಗದ ಮನೆಮನೆಗೆ ಹಬ್ಬಿತು. ಮಕ್ಕಳು ಅಮೆರಿಕ, ಫಿಲಿಪ್ಪೀನ್ಸ್‌ಗಳಿಗೆ ಹೋಗಿ ಪರವಾನಗಿ ತಂದರು.

ಅವರು ಬರುವ ಹೊತ್ತಿಗೆ ಸಂತೆ ಮುಗಿದಿತ್ತು. 2008ರ ಅಕ್ಟೋಬರಿನಲ್ಲಿ ಜೆಟ್ ಏರ್‌ವೇಸ್ ಒಮ್ಮೆಲೇ ನೂರಾರು ನೌಕರರನ್ನು ಮನೆಗೆ ಕಳಿಸಲು ಹೊರಟು, ಗದ್ದಲವಾದ ಮೇಲೆ ಹಿಂದೆ ಸರಿಯಿತು. ಡೆಕ್ಕನ್ ಅನ್ನು ನುಂಗಿದ್ದ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ತಿಂಗಳುಗಟ್ಟಲೆ ಪಗಾರ ಬಾಕಿ ಉಳಿಸಿಕೊಂಡೇ ನೆಲಕ್ಕಿಳಿಯಿತು. ಅನುಭವಿಗಳೇ ಬೀದಿಗೆ ಬಂದಾಗ 200 ಗಂಟೆಯ ಹುಡುಗರನ್ನು ಕೇಳುವವರಾರು? ಸಾವಿರಾರು ಪರವಾನಗಿಗಳು ಕಪಾಟು ಸೇರಿದವು.

ಇತಿಹಾಸದ ತಿರುವು ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಕೆಲಸ ಬೇಡುವವರು ಇಷ್ಟೊಂದು ಜನ ಇರುವಾಗ ತರಬೇತಿಯ ಖರ್ಚನ್ನು ತಾವೇಕೆ ಹೊರಬೇಕು ಎಂದು ಸಂಸ್ಥೆಗಳು ಯೋಚಿಸಿದವು. ‘ಟೈಪ್ ರೇಟಿಂಗ್ ಇದ್ದವರು ಮಾತ್ರ ಅರ್ಜಿ ಹಾಕಿರಿ’ ಎಂಬ ಸಾಲು ಜಾಹೀರಾತುಗಳಲ್ಲಿ ಕಾಣಿಸಿಕೊಂಡಿತು. ಎರಡು ತಲೆಮಾರು ಸಂಸ್ಥೆಯ ಲೆಕ್ಕದಲ್ಲಿದ್ದ ಖರ್ಚು ಹುಡುಗನ ತಂದೆಯ ಲೆಕ್ಕಕ್ಕೆ ದಾಟಿತು. ಯಾವ ಕಾಯಿದೆಯೂ ಬದಲಾಗಲಿಲ್ಲ, ಸಂಸತ್ತಿನಲ್ಲಿ ಚರ್ಚೆಯೂ ನಡೆಯಬೇಕಾಗಲಿಲ್ಲ.

ಅನಂತರ ಬಂದದ್ದು ಕೆಡೆಟ್ ಯೋಜನೆ. ವಿಮಾನ ಸಂಸ್ಥೆಯೊಂದು ತರಬೇತಿ ಶಾಲೆಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ಪ್ರವೇಶ ಪರೀಕ್ಷೆಯಿಂದ ಟೈಪ್ ರೇಟಿಂಗ್‌ವರೆಗೆ ಎಲ್ಲ ಒಂದೇ ಪೊಟ್ಟಣ. ಖರ್ಚು ಒಂದು ಕೋಟಿಯ ಆಸುಪಾಸು, ಕಟ್ಟುವವರು ಅಭ್ಯರ್ಥಿಗಳು. ಎಲ್ಲ ಸರಿಯಾಗಿ ನಡೆದರೆ ಕೊನೆಗೆ ಕೆಲಸ. ಇದನ್ನು ಸಮರ್ಥಿಸುವವರ ವಾದದಲ್ಲೂ ಹುರುಳಿದೆ. ಬೇರೆ ಬೇರೆ ಕಡೆ ಅಲೆದು ಕಲಿತವನಿಗಿಂತ ಒಂದೇ ಶಿಸ್ತಿನಲ್ಲಿ ಕಲಿತವನ ಗುಣಮಟ್ಟ ಮೇಲು, ಕೆಲಸದ ಭರವಸೆಯೂ ಹೆಚ್ಚು. ಇದು ‘ಪೇ ಟು ಫ್ಲೈ’ ಅಲ್ಲ ಎಂಬುದೂ ನಿಜ. ಆದರೆ ಪ್ರವೇಶ ಪರೀಕ್ಷೆ ಎಷ್ಟೇ ಕಠಿಣವಿರಲಿ, ಅದನ್ನು ಬರೆಯಲು ಬರುವವರು ಕೋಟಿ ರೂಪಾಯಿ ಹೊಂದಿಸಬಲ್ಲ ಮನೆಯವರು. ಜಾಣರನ್ನು ಆರಿಸುತ್ತಾರೆ, ಆದರೆ ಉಳ್ಳವರ ನಡುವಿನಿಂದ.

ಕರ್ನಾಟಕಕ್ಕೆ ಈ ಬಗೆಯ ಲೆಕ್ಕ ಹೊಸತಲ್ಲ. ಡೊನೇಷನ್ ಸೀಟುಗಳ ಹಾವಳಿ ತಡೆಯಲು 1984ರಲ್ಲೇ ಇಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯಿದೆ ಬಂತು. ಇದೇ ಶುಲ್ಕದ ಬಗ್ಗೆ 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಸಿದ್ಧ ತೀರ್ಪು ಕೂಡ ಕರ್ನಾಟಕ ಸರಕಾರದ ವಿರುದ್ಧದ ಮೊಕದ್ದಮೆಯಲ್ಲೇ. ಆದರೂ ಒಂದು ವ್ಯತ್ಯಾಸವಿದೆ. ಡೊನೇಷನ್ ಕೊಟ್ಟು ವೈದ್ಯನಾದವನು ಕೊನೆಗೆ ತನ್ನದೇ ದವಾಖಾನೆ ಹಾಕಬಹುದು. ಪೈಲಟ್ ತನ್ನದೇ ವಿಮಾನ ಇಟ್ಟುಕೊಂಡು ಗಿರಾಕಿಗಳನ್ನು ಕಾಯುವಂತಿಲ್ಲ.

ಗಂಟೆಗಳೇ ನಾಣ್ಯವಾದಾಗ

ಹಾರಿದ ಗಂಟೆಗಳಿಗೇ ಬೆಲೆ ಬಂದರೆ ಖೋಟಾ ಗಂಟೆಗಳೂ ಹುಟ್ಟುತ್ತವೆ. 2011ರಲ್ಲಿ ಅದು ಬಯಲಾಯಿತು. ಗೋವಾದಲ್ಲಿ ವಿಮಾನವೊಂದನ್ನು ಮೂಗಿನ ಚಕ್ರದ ಮೇಲೆ ಇಳಿಸಿದ ಪ್ರಕರಣದ ತನಿಖೆ ಮಾಡುತ್ತ ಹೋದಾಗ, ಆ ಪೈಲಟ್‌ನ ಮೇಲಿನ ಪರವಾನಗಿಗೆ ಕೊಟ್ಟ ಅಂಕಪಟ್ಟಿಯೇ ನಕಲಿ ಎಂದು ತಿಳಿಯಿತು. ಮುಂದೆ ಹಲವರ ಬಂಧನವಾಯಿತು. ರಾಜಸ್ಥಾನದ ಹಾರಾಟ ಶಾಲೆಯೊಂದರಲ್ಲಿ ಹಾರದೆಯೇ ಹಾರಿದ್ದಾಗಿ ಲಾಗ್ ಪುಸ್ತಕ ತುಂಬಿದ ಸಂಗತಿಯೂ ಹೊರಬಂತು. ಮಹಾನಿರ್ದೇಶನಾಲಯ ಸಾವಿರಾರು ಪರವಾನಗಿಗಳನ್ನು ಮರುಪರಿಶೀಲಿಸಬೇಕಾಯಿತು. ತಪ್ಪು ಮಾಡಿದವರನ್ನು ಯಾರೂ ಸಮರ್ಥಿಸಲಾರರು. ಆದರೆ ಪ್ರತಿ ಗಂಟೆಗೂ ಸಾವಿರಾರು ರೂಪಾಯಿ ಸುರಿಯುವ ಜಾಗದಲ್ಲಿ ಪೆನ್ನಿನಿಂದ ಹಾರುವ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೂ ಇಲ್ಲ.

ಅಮೆರಿಕ ಈ ಪಾಠವನ್ನು ಬೇರೆ ರೀತಿಯಲ್ಲಿ ಕಲಿಯಿತು. ಅಲ್ಲಿ 1980 ಮತ್ತು 90ರ ದಶಕಗಳಲ್ಲೇ ಕೆಲವು ಸಣ್ಣ ಪ್ರಾದೇಶಿಕ ಸಂಸ್ಥೆಗಳು ಸಹ-ಪೈಲಟ್‌ಗಳಿಂದ ಹಣ ಪಡೆಯುತ್ತಿದ್ದವು. 2009ರ ಫೆಬ್ರುವರಿ 12ರಂದು ಬಫಲೊ ನಗರದ ಬಳಿ ಕೋಲ್ಗನ್ ಏರ್‌ನ ವಿಮಾನ ಬಿದ್ದು ನೆಲದ ಮೇಲಿದ್ದ ಒಬ್ಬರೂ ಸೇರಿ 50 ಜನ ಸತ್ತರು. ವಿಮಾನ ವೇಗ ಕಳೆದುಕೊಳ್ಳುತ್ತಿರುವಾಗ ಕ್ಯಾಪ್ಟನ್ ಮಾಡಬೇಕಾದದ್ದಕ್ಕೆ ವಿರುದ್ಧವಾದದ್ದನ್ನು ಮಾಡಿದ್ದರು. ಅವರು ವೃತ್ತಿಯ ಆರಂಭದಲ್ಲಿ ಹೀಗೆ ಹಣ ಕಟ್ಟಿ ಬಲಗಡೆ ಕುಳಿತು ಬಂದವರೆಂಬುದು ವಿಚಾರಣೆಯ ವೇಳೆ ಚರ್ಚೆಯಾಯಿತು. ಸಹ-ಪೈಲಟ್‌ಗೆ ಬರುತ್ತಿದ್ದ ಪಗಾರ ಕೇಳಿ ಅಮೆರಿಕನ್ನರು ದಂಗಾದರು. ಅದರಲ್ಲಿ ಕೆಲಸದ ಊರಿನಲ್ಲಿ ಮನೆ ಮಾಡಲಾಗದೆ ಆಕೆ ದೇಶದ ಆ ತುದಿಯಿಂದ ಈ ತುದಿಗೆ ರಾತ್ರಿಯೆಲ್ಲ ಪ್ರಯಾಣಿಸಿ ಕೆಲಸಕ್ಕೆ ಬಂದಿದ್ದರು.

ಅದೇ ತಿಂಗಳು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಯಾಪ್ಟನ್ ಸಲೆನ್‌ಬರ್ಗರ್ ಕುಳಿತಿದ್ದರು. ಎಂಜಿನ್ ನಿಂತ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಸಿ ಎಲ್ಲ 155 ಜನರನ್ನು ಉಳಿಸಿದವರು. ಅವರು ಅಲ್ಲಿ ತಮ್ಮ ಸಾಹಸದ ಮಾತಿಗಿಂತ ಹೆಚ್ಚಾಗಿ ವೃತ್ತಿಯ ಮಾತು ಹೇಳಿದರು. ತಮ್ಮ ಪಗಾರ ನೂರಕ್ಕೆ ನಲವತ್ತರಷ್ಟು ಕಡಿತಗೊಂಡಿದೆ, ಪಿಂಚಣಿ ಹೋಗಿದೆ, ಹೀಗಾದರೆ ಬುದ್ಧಿವಂತ ಮಕ್ಕಳು ಈ ಕೆಲಸಕ್ಕೆ ಬರುವುದಿಲ್ಲ ಎಂದರು. 2010ರಲ್ಲಿ ಕಾನೂನು ಬಂತು. 2013ರಿಂದ ಅಲ್ಲಿ ಬಲಗಡೆ ಕೂರಲೂ ಸಾಮಾನ್ಯವಾಗಿ 1,500 ಗಂಟೆ ಬೇಕು. ವಿಚಿತ್ರವೆಂದರೆ ಬಿದ್ದ ವಿಮಾನದ ಇಬ್ಬರು ಪೈಲಟ್‌ಗಳಿಗೂ ಅದಕ್ಕಿಂತ ಹೆಚ್ಚು ಗಂಟೆಗಳಾಗಿದ್ದವು. ಆದ್ದರಿಂದ ನಿಯಮದಿಂದ ಸುರಕ್ಷತೆ ಎಷ್ಟು ಹೆಚ್ಚಿತು ಎಂಬ ವಾದ ಮುಗಿದಿಲ್ಲ. ಒಂದಂತೂ ಆಯಿತು. ಅರ್ಹರ ಸಂಖ್ಯೆ ಕುಗ್ಗಿ, ಕೆಲವೇ ವರ್ಷಗಳಲ್ಲಿ ಸಣ್ಣ ಸಂಸ್ಥೆಗಳೂ ಪಗಾರ ಏರಿಸಿ, ಸೇರುವವರಿಗೆ ತಾವೇ ಹಣ ಕೊಡುವ ಸ್ಥಿತಿಗೆ ಬಂದವು. ಪಾವತಿಯ ದಿಕ್ಕು ತಿರುಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

‘ಬೇಡ’ ಎನ್ನುವ ಕೆಲಸ

ಹಣ ಕೊಟ್ಟು ಸೇರಿದರೇನು, ಪರೀಕ್ಷೆ ಪಾಸಾಗಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಣ ಕೊಟ್ಟವರೆಲ್ಲ ದಡ್ಡರಲ್ಲ. ತೊಂದರೆ ಇರುವುದು ಬೇರೆ ಕಡೆ.

ಪೈಲಟ್‌ನ ಕೆಲಸದ ತಿರುಳು ‘ಬೇಡ’ ಎನ್ನುವುದರಲ್ಲಿದೆ. ಮಳೆ ಜೋರಿದೆ, ಇಳಿಸುವುದು ಬೇಡ. ನಿದ್ದೆಯಾಗಿಲ್ಲ, ಇಂದು ಹಾರುವುದು ಬೇಡ. ಈ ದೋಷ ಸರಿಯಾಗದೆ ವಿಮಾನ ತೆಗೆಯುವುದು ಬೇಡ. ಬಲಗಡೆ ಕುಳಿತವನಿಗೆ ಇದು ಇನ್ನೂ ಕಷ್ಟ. ಅವನು ತನಗಿಂತ ಹಿರಿಯನಿಗೆ ‘ಬೇಡ’ ಎನ್ನಬೇಕು.

ಆ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಕರ್ನಾಟಕ ಮಂಗಳೂರಿನಲ್ಲಿ ಕಂಡಿದೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಓಡುಹಾದಿ ದಾಟಿ ಕಮರಿಗೆ ಬಿದ್ದು 158 ಜನ ಸತ್ತರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಕಂಡುಕೊಂಡಂತೆ, ವಿದೇಶಿ ಕ್ಯಾಪ್ಟನ್ ಹಾದಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು. ವಿಮಾನ ತೀರ ಎತ್ತರದಲ್ಲಿದ್ದಾಗಲೂ ಇಳಿಸಲು ಹೊರಟರು. ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹ-ಪೈಲಟ್ ಮೂರು ಬಾರಿ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. ಇಲ್ಲಿ ಹಣ ಕೊಟ್ಟು ಸೇರಿದ ಮಾತಿಲ್ಲ, ಆ ಸಹ-ಪೈಲಟ್ 3,600ಕ್ಕೂ ಹೆಚ್ಚು ಗಂಟೆ ಹಾರಿದ್ದ ಅನುಭವಿ. ಅಂಥವರ ಮಾತೇ ಎಡಗಡೆಯ ಕುರ್ಚಿಗೆ ಮುಟ್ಟಲಿಲ್ಲ. ಇನ್ನು ಮನೆಪತ್ರ ಬ್ಯಾಂಕಿನಲ್ಲಿಟ್ಟು, ತಿಂಗಳ ಕಂತು ಎಣಿಸುತ್ತ, ಕೆಲಸ ಕಾಯಂ ಆಗುವುದನ್ನು ಕಾಯುತ್ತಿರುವ 250 ಗಂಟೆಯ ಹುಡುಗ ಎಷ್ಟು ಗಟ್ಟಿಯಾಗಿ ಹೇಳಿಯಾನು?

ಸಾಲದ ಇನ್ನೊಂದು ಮುಖ ಯುರೋಪಿನಲ್ಲಿ ಕಂಡಿತು. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್‌ನ ಸಹ-ಪೈಲಟ್ ವಿಮಾನವನ್ನು ಬೇಕೆಂದೇ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ ತಾನೂ ಸೇರಿ 150 ಜನರ ಸಾವಿಗೆ ಕಾರಣನಾದ. ಅವನು ತೀವ್ರ ಮನೋರೋಗಿಯಾಗಿದ್ದ, ಅದೇ ಮೂಲ. ಆದರೆ ಫ್ರಾನ್ಸಿನ ತನಿಖಾಧಿಕಾರಿಗಳು ಅವನ ಸಾಲದ ಲೆಕ್ಕವನ್ನೂ ವರದಿಯಲ್ಲಿ ಬರೆದರು. ತರಬೇತಿಗೆ ಅವನು 40 ಸಾವಿರ ಯೂರೊಗೂ ಹೆಚ್ಚು ಸಾಲ ಮಾಡಿದ್ದ. ಕಾಯಿಲೆ ಹೇಳಿಕೊಂಡರೆ ಪರವಾನಗಿ ಹೋಗುತ್ತದೆ, ಪರವಾನಗಿ ಹೋದರೆ ಬದುಕಿನ ಆಧಾರವೇ ಹೋಗುತ್ತದೆ. ಪೈಲಟ್‌ಗಳು ಕಾಯಿಲೆ ಮುಚ್ಚಿಡಲು ಇಂಥ ಭಯ ಕಾರಣವಾಗುತ್ತದೆ ಎಂದು ಅವರು ಎಚ್ಚರಿಸಿದರು. ಅದೇ ವರ್ಷ ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ವಿದ್ವಾಂಸರು ಯುರೋಪಿನ ಪೈಲಟ್‌ಗಳ ನೌಕರಿಯ ಸ್ವರೂಪವನ್ನು ಅಧ್ಯಯನ ಮಾಡಿ ಹಣ ಕೊಟ್ಟು ಹಾರುವ ಪದ್ಧತಿಯ ಬಗ್ಗೆಯೂ ಬರೆದರು. ಅಲ್ಲಿನ ಪೈಲಟ್‌ಗಳ ಒಕ್ಕೂಟ ಇದನ್ನು ನಿಷೇಧಿಸಬೇಕೆಂದು ಒತ್ತಾಯಿಸುತ್ತ ಬಂದಿದೆ.

ನಮ್ಮಲ್ಲಿ ಕಟ್ಟು ಎರಡೂ ಕಡೆಯಿಂದ ಬಿಗಿದಿದೆ. ಒಳಗೆ ಬರಲು ಹಣ, ಹೊರಗೆ ಹೋಗಲು ಕಾಲಾವಕಾಶದ ನೋಟಿಸು. 2017ರಲ್ಲಿ ಮಹಾನಿರ್ದೇಶನಾಲಯ ಕ್ಯಾಪ್ಟನ್‌ಗಳಿಗೆ ಒಂದು ವರ್ಷ, ಸಹ-ಪೈಲಟ್‌ಗಳಿಗೆ ಆರು ತಿಂಗಳ ನೋಟಿಸು ಕಡ್ಡಾಯ ಮಾಡಿತು. ಜೀತ ಎಂಬ ಮಾತು ಬಳಸಿದರೆ ಅತಿಯಾದೀತು. ಆದರೂ ಬೇರೆ ಯಾವ ವೃತ್ತಿಯವರು ಇಷ್ಟು ಹಣ ಕೊಟ್ಟು ಇಷ್ಟು ಬಿಗಿಯಾಗಿ ಕಟ್ಟಿಸಿಕೊಳ್ಳುತ್ತಾರೆ?

ಬೇರೆ ದಾರಿ ಇಲ್ಲವೆಂದಲ್ಲ. ಬ್ರಿಟನ್ನಿನ ಸರಕಾರಿ ವಿಮಾನ ಸಂಸ್ಥೆಗಳು 1960ರಲ್ಲಿ ಹ್ಯಾಂಬಲ್ ಎಂಬಲ್ಲಿ ತಮ್ಮದೇ ಖರ್ಚಿನ ಕಾಲೇಜು ತೆರೆದಿದ್ದವು. ಅದು ಮುಚ್ಚಿ, ಖರ್ಚು ಮಕ್ಕಳ ತಲೆಗೆ ಬಂದು, ದಶಕಗಳೇ ಕಳೆದ ಮೇಲೆ 2023ರಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತೆ ಪೂರ್ತಿ ಖರ್ಚು ತಾನೇ ಹೊರುವ ಯೋಜನೆ ಪ್ರಕಟಿಸಿತು. ಬಡ ಮನೆಗಳಿಂದ ಪೈಲಟ್‌ಗಳು ಬರುತ್ತಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಒಂದು.

ಮನೆಯ ಪತ್ರ

ನಮ್ಮ ಸರಕಾರ ಹಿಡಿದಿರುವುದು ತರಬೇತಿ ಶಾಲೆಗಳ ಸಂಖ್ಯೆ ಹೆಚ್ಚಿಸುವ ದಾರಿ. ಮುಂದಿನ 15-20 ವರ್ಷಗಳಲ್ಲಿ 30 ಸಾವಿರ ಪೈಲಟ್‌ಗಳು ಬೇಕೆಂಬುದು ಅದರ ಲೆಕ್ಕ. 2020ರಿಂದ ಶಾಲೆಗಳು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಕೊಡಬೇಕಿದ್ದ ರಾಯಧನ ರದ್ದಾಯಿತು. ಬೆಳಗಾವಿ ಮತ್ತು ಕಲಬುರಗಿ ನಿಲ್ದಾಣಗಳಲ್ಲಿ ಶಾಲೆಗಳು ಬಂದವು. 2022ರ ಎರಡನೆಯ ಸುತ್ತಿನಲ್ಲಿ ಹುಬ್ಬಳ್ಳಿಗೂ ಒಂದು ಮಂಜೂರಾಯಿತು. ಬೆಳಗಾವಿ ಬಳಿಯ ಹೊನ್ನಿಹಾಳದ ಹೊಲದಲ್ಲಿ 2023ರ ಮೇ 30ರಂದು ತರಬೇತಿ ವಿಮಾನವೊಂದು ತುರ್ತಾಗಿ ಇಳಿದಾಗ ನಮ್ಮ ಕಡೆಯ ಬಹಳ ಜನಕ್ಕೆ ಇಲ್ಲಿ ಇಂಥ ಶಾಲೆ ಇರುವುದು ಮೊದಲ ಬಾರಿ ತಿಳಿಯಿತು. ಶಾಲೆ ಮನೆಯ ಹತ್ತಿರ ಬಂದರೆ ಊಟ, ಬಾಡಿಗೆಯ ಖರ್ಚು ಉಳಿಯುತ್ತದೆ. ಆದರೆ ಶಾಲೆಗಳು ಹೆಚ್ಚಿದಷ್ಟೂ ಬಲಗಡೆಯ ಕುರ್ಚಿಯ ಮುಂದಿನ ಸಾಲು ಉದ್ದವಾಗುತ್ತದೆ, ಸಾಲು ಉದ್ದವಾದಷ್ಟೂ ಹಣ ಕೇಳುವವರಿಗೆ ಅನುಕೂಲ. ಟೈಪ್ ರೇಟಿಂಗ್‌ನ ಖರ್ಚು ಯಾರದು ಎಂಬ ಪ್ರಶ್ನೆಯನ್ನು ಈ ಶಾಲೆಗಳು ಬಗೆಹರಿಸುವುದಿಲ್ಲ.

ಕೇಶ್ವಾಪುರದ ಆ ಮನೆಯ ಪತ್ರ ಈಗ ಬ್ಯಾಂಕಿನಲ್ಲಿದೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಆಸ್ತಿಯ ಆಧಾರ ಕೇಳುತ್ತಾರೆ. ತಂದೆಯ ನಿವೃತ್ತಿ ಹಣವೆಲ್ಲ ಹೋಗಿದೆ. ಉಳಿದಿರುವುದು ಊರಿನಲ್ಲಿರುವ ಎರಡು ಎಕರೆ ಎರೆ ಹೊಲ, ಅದರಲ್ಲಿ ಅಣ್ಣತಮ್ಮಂದಿರ ಪಾಲೂ ಇದೆ. ಟೈಪ್ ರೇಟಿಂಗ್‌ಗೆ ಅದನ್ನು ಮಾರಬೇಕೇ ಎಂಬುದು ಆ ಮನೆಯಲ್ಲಿ ನಡೆಯುತ್ತಿರುವ ಚರ್ಚೆ. ತಾಯಿ ಮಾರೋಣ ಎನ್ನುತ್ತಾರೆ. ತಂದೆ ಸುಮ್ಮನಿರುತ್ತಾರೆ. ಹುಡುಗನಿಗೆ ಬೇಡವೆನ್ನಲೂ ಆಗದು, ಹೂಂ ಎನ್ನಲೂ ಆಗದು.

ಕೆಲಸ ಇರಲಿ ಬಿಡಲಿ, ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳದಿದ್ದರೆ ಪರವಾನಗಿಗೆ ಬೆಲೆಯಿಲ್ಲ. ಬರುವ ವಾರ ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿದೆ ಎಂದ. ವಿಮಾನದಲ್ಲೋ ಎಂದು ಕೇಳಿದೆ. ಟಿಕೆಟ್ ತುಟ್ಟಿ ಎಂದ. ರಾತ್ರಿಯ ರೈಲಿಗೆ ಸ್ಲೀಪರ್ ಕಾದಿರಿಸಿದ್ದಾನಂತೆ.